ವಿಳಾಸವಿಲ್ಲದ ಲಕ್ಷ ಜನ



ಕನ್ನಡ ನಾಡಿನಲ್ಲಿ ರೇಡಿಯೋ ಹುಟ್ಟಿದ್ದು ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಹಿಂದೆ ಕಂಪನಿ ಇರಲಿಲ್ಲ, ಇಲಾಖೆ ಇರಲಿಲ್ಲ. ಮಾತು, ಹಾಡು ಜನರ ಮನೆಗೆ ಮುಟ್ಟಬೇಕು ಎಂಬ ಹಂಬಲ ಇತ್ತು. ಅದಕ್ಕೆ ಬೇಕಾದ ದಾರಿಯನ್ನು ತಾವೇ ಮಾಡಿಕೊಂಡರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ನಿಲಯದಿಂದ. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು.

ಇವತ್ತು ಅಂಥ ಮನೆಗಳು ಊರೂರಿನಲ್ಲಿವೆ. ಕೈಯಲ್ಲೊಂದು ಮೊಬೈಲು, ಕುತ್ತಿಗೆಪಟ್ಟಿಗೆ ಸಿಕ್ಕಿಸಿದ ಒಂದು ಪುಟ್ಟ ಮೈಕು ಇದ್ದರೆ ಹಾಡುಗಾರ್ತಿ ಹಾಡಬಹುದು, ನಾಟಕದವನು ನಾಟಕ ತೋರಿಸಬಹುದು, ವರದಿಗಾರ ಸುದ್ದಿ ಹೇಳಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಸಂಸ್ಥೆಯ ಸಂಬಳವಿಲ್ಲದೆ, ತನ್ನ ಕೆಲಸ ಹೇಗಿರಬೇಕೆಂದು ತಾನೇ ತೀರ್ಮಾನಿಸುವ ಇಂಥವರನ್ನು ನಾವು ಸ್ವತಂತ್ರ ಕಲಾವಿದರು, ಸ್ವತಂತ್ರ ಮಾಧ್ಯಮದವರು ಎನ್ನುತ್ತೇವೆ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು ಇವರ ಬದುಕನ್ನೂ ಕಲೆಯನ್ನೂ ಹೇಗೆ ಬದಲಿಸುತ್ತಿವೆ ಎಂಬುದು ಇವತ್ತಿನ ನನ್ನ ಬಾನುಲಿ ಮಾತಿನ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಯಾಕೆಂದರೆ ಸ್ವತಂತ್ರವಾಗಿ ಬದುಕುವ ಹಟ ಕನ್ನಡಕ್ಕೆ ಹೊಸದಲ್ಲ. ಕಾದಂಬರಿ ಪಿತಾಮಹ ಎಂದು ನಾವು ಕರೆಯುವ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಯಾವ ಊರಿನಲ್ಲಿ ಓದುವವರಿದ್ದಾರೆ, ಯಾರ ಮನೆಯ ಕಟ್ಟೆಯ ಮೇಲೆ ಗಂಟು ಇಳಿಸಿದರೆ ನಾಲ್ಕು ಜನ ಸೇರುತ್ತಾರೆ ಎಂಬುದು ಹಾಗೆ ತಿರುಗುವವನಿಗೆ ಕಾಲಿನಿಂದಲೇ ತಿಳಿಯುವ ಸಂಗತಿ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಇನ್ನೊಂದು ದಾರಿ ಹಿಡಿಯಿತು. ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿದರು. ಓದುಗರು ವರ್ಷದ ಹಣ ಮೊದಲೇ ಕೊಡುವುದು, ಪುಸ್ತಕಗಳು ಅಚ್ಚಾದ ಹಾಗೆ ಅವರಿಗೆ ಹೋಗುವುದು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಹೊರಬಂದದ್ದು ಈ ಗ್ರಂಥಮಾಲೆಯಿಂದ. ಸುಭಾಸ ರಸ್ತೆಯ ಅದರ ಕಚೇರಿ ‘ಅಟ್ಟ’ ಇವತ್ತಿಗೂ ಸಾಹಿತ್ಯದವರಿಗೆಲ್ಲ ಗೊತ್ತು. ಆ ಅಟ್ಟದ ನಿಜವಾದ ಆಸ್ತಿ ಯಾವುದು ಎಂದು ಕೇಳಿದರೆ, ಚಂದಾದಾರರ ವಿಳಾಸ ಬರೆದಿಟ್ಟ ಪುಸ್ತಕ ಎಂದು ನಾನು ಹೇಳುತ್ತೇನೆ. 1980ರಲ್ಲಿ ಪಿ. ಲಂಕೇಶರು ವಾರಪತ್ರಿಕೆ ತೆಗೆದಾಗ ಜಾಹೀರಾತೇ ಬೇಡ ಎಂದರು. ಓದುಗ ಕೊಡುವ ಬಿಡಿ ಪ್ರತಿಯ ಹಣದ ಮೇಲೆ ಪತ್ರಿಕೆ ನಿಂತಿತು.

ಈ ಮೂರರಲ್ಲೂ ಒಂದು ಸಮಾನ ಅಂಶವಿದೆ. ಮಾಡುವವನಿಗೆ ತನ್ನ ಜನ ಯಾರೆಂದು ಗೊತ್ತಿತ್ತು, ಆ ಜನರು ಕೊಟ್ಟ ಹಣದಿಂದಲೇ ಅವನ ಕೆಲಸ ನಡೆಯುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಎಲ್ಲರಿಗೂ ಗಳಗನಾಥರ ತಲೆಯ ಬಲ ಇರುವುದಿಲ್ಲ. ಹೆಚ್ಚಿನ ಕಲಾವಿದರು ಬಾಗಿಲ ಮುಂದೆ ನಿಂತು ಕಾಯಬೇಕಾಗಿತ್ತು. ಹಾಡುವವರಿಗೆ ಬಾನುಲಿಯ ಆಡಿಷನ್ ಇತ್ತು, ಕ್ಯಾಸೆಟ್ ಕಂಪನಿಯ ಮಾಲೀಕರಿದ್ದರು. ಸಿನಿಮಾ ಮಾಡುವವರಿಗೆ ನಿರ್ಮಾಪಕ, ಹಂಚಿಕೆದಾರ, ಥಿಯೇಟರಿನವರು ಹೀಗೆ ಒಂದರ ಹಿಂದೆ ಒಂದು ಬಾಗಿಲು. ಬರೆಯುವವರಿಗೆ ಸಂಪಾದಕರ ಮೇಜು. ಕ್ಯಾಸೆಟ್ಟಿನ ಕಾಲದಲ್ಲಿ ಎಷ್ಟೋ ಜನಪದ ಗಾಯಕರು ಒಂದು ಸಲ ಕೈಗೆ ಕೊಟ್ಟ ದುಡ್ಡಿಗೆ ಸಹಿ ಹಾಕಿ, ಹಾಡಿನ ಹಕ್ಕನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಹಾಡು ಊರೂರಿನ ಜಾತ್ರೆಯಲ್ಲಿ ಮೊಳಗಿತು, ಹಾಡಿದವರ ಮನೆಗೆ ಅದರ ಪಾಲು ಬರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ ಗೀತರಚನಕಾರರ, ಸಂಗೀತಗಾರರ ರಾಯಧನದ ಹಕ್ಕಿಗೆ ಬಲ ಬಂತು. ಆದರೆ ಅಷ್ಟರೊಳಗೆ ಒಂದು ತಲೆಮಾರು ಕಳೆದಿತ್ತು.

ಸಾಮಾಜಿಕ ಜಾಲತಾಣ ಬಂದು ಈ ಬಾಗಿಲುಗಳನ್ನು ತೆರೆಯಿತು ಎನ್ನುವುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ನಿದರ್ಶನವಿದೆ. ನಿರ್ದೇಶಕ ಪವನ್ ಕುಮಾರ್ 2011ರಲ್ಲಿ ‘ಲೈಫು ಇಷ್ಟೇನೆ’ ಎಂಬ ಚಿತ್ರ ಮಾಡಿದ್ದರು. ಮುಂದಿನ ಚಿತ್ರಕ್ಕೆ ಹಣ ಹಾಕುವವರು ಸಿಗಲಿಲ್ಲ. ಕನಸು ಮತ್ತು ಎಚ್ಚರಗಳ ನಡುವೆ ಸಾಗುವ ಆ ಕಥೆ, ನಿರ್ಮಾಪಕರು ಕೇಳುತ್ತಿದ್ದ ಅಳತೆಗೆ ಹೊಂದುತ್ತಿರಲಿಲ್ಲ. ಅವರು ತಮ್ಮ ಕಷ್ಟವನ್ನು ಮುಚ್ಚುಮರೆಯಿಲ್ಲದೆ ಅಂತರ್ಜಾಲದಲ್ಲಿ ಬರೆದರು. ಅದು ಫೇಸ್‌ಬುಕ್ಕಿನಲ್ಲಿ ಕೈಯಿಂದ ಕೈಗೆ ಹರಿಯಿತು. ಚಿತ್ರ ನೋಡಬೇಕೆಂಬ ಆಸೆಯುಳ್ಳವರೇ ಹಣ ಹಾಕಬಹುದಲ್ಲ ಎಂಬ ಮಾತು ಎದ್ದಿತು. 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿತು. ಕೊಟ್ಟವರು ಸುಮಾರು 110 ಜನ. ಆ ಚಿತ್ರವೇ ‘ಲೂಸಿಯಾ’. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದು, ಸೆಪ್ಟೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮುಂದೆ ತಮಿಳಿನಲ್ಲೂ ತಯಾರಾಯಿತು.

ಲೂಸಿಯಾದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 51 ಲಕ್ಷದ ಅಂಕಿಯ ಹತ್ತಿರ ನಿಲ್ಲುತ್ತಾರೆ. ನನಗೆ 110 ಎಂಬ ಅಂಕಿ ದೊಡ್ಡದಾಗಿ ಕಾಣುತ್ತದೆ. ಹಣ ಹಾಕಿದವರು ಯಾರು ಎಂಬುದು ಚಿತ್ರ ಮಾಡಿದವರಿಗೆ ಹೆಸರು ಹೆಸರಾಗಿ ತಿಳಿದಿತ್ತು. ಫೇಸ್‌ಬುಕ್ಕಿನ ಮಂದಿ ಬರೀ ಮೆಚ್ಚುಗೆಯ ಗುಂಡಿ ಒತ್ತಿ ಹೋಗದೆ, ಚಂದಾದಾರರ ಹಾಗೆ ಮುಂಗಡ ಕೊಟ್ಟು ಕಾದರು. ಧಾರವಾಡದ ಅಟ್ಟದ ವಿದ್ಯೆಯೇ ಬೆಂಗಳೂರಿನಲ್ಲಿ ಹೊಸ ಉಪಕರಣ ಹಿಡಿದು ನಿಂತಿತ್ತು.

ಇನ್ನೊಂದು ಲಾಭ ಭಾಷೆಯದು. ಬಹಳ ಕಾಲ ನಮ್ಮ ಸಿನಿಮಾ, ಟಿವಿಗಳಲ್ಲಿ ಹುಬ್ಬಳ್ಳಿ, ಬಾಗಲಕೋಟೆ, ಕಲಬುರಗಿಯ ಮಾತು ನಗಿಸುವ ಪಾತ್ರಕ್ಕೆ ಮೀಸಲಾಗಿತ್ತು. ಇವತ್ತು ಉತ್ತರ ಕರ್ನಾಟಕದ ಹುಡುಗ ಹುಡುಗಿಯರು ತಮ್ಮ ಜವಾರಿ ಕನ್ನಡದಲ್ಲಿ ಪ್ರಹಸನ ಮಾಡುತ್ತಾರೆ. ಹೊಲದ ಬದು, ದನದ ಕೊಟ್ಟಿಗೆ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯೇ ಅವರ ರಂಗ. ಅತ್ತೆ ಸೊಸೆಯ ಜಗಳ, ಮಳೆ ಇಲ್ಲದ ವರ್ಷದ ಸಾಲ, ಹೆಣ್ಣು ಸಿಗದ ರೈತ ಹುಡುಗನ ಮದುವೆ ಎಲ್ಲವೂ ಅವರ ಬಾಯಲ್ಲಿ ಅವರದೇ ಧಾಟಿಯಲ್ಲಿ ಬರುತ್ತವೆ. ಬೆಂಗಳೂರಿಗೆ ಬಂದು ಮಾತು ತಿದ್ದಿಕೊಳ್ಳಬೇಕಾದ ಹಂಗು ಅವರಿಗಿಲ್ಲ. ತುಳು, ಕೊಂಕಣಿ, ಬ್ಯಾರಿ, ಕೊಡವದಲ್ಲಿ ಹಾಡುವವರಿಗೂ ಹೀಗೆಯೇ ಒಂದು ಅಂಗಳ ಸಿಕ್ಕಿದೆ. ಮುಂಬಯಿಯಲ್ಲಿ, ದುಬೈಯಲ್ಲಿ ದುಡಿಯುವ ಕರಾವಳಿಯವರು ರಾತ್ರಿ ಕೆಲಸ ಮುಗಿಸಿ ಬಂದು ತಮ್ಮೂರಿನ ಆಟ ನೋಡಿ ಮಲಗುತ್ತಾರೆ.

ಆಟ ಎಂದೊಡನೆ 2020ನೇ ಇಸವಿ ನೆನಪಾಗುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಮಳೆ ನಿಂತ ಮೇಲೆ ಶುರುವಾಗಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುವುದರೊಂದಿಗೆ ಮುಗಿಯುತ್ತದೆ. ಆ ವರ್ಷ ಮಾರ್ಚಿನಲ್ಲೇ ಲಾಕ್‌ಡೌನ್ ಬಂತು. ಎರಡು ತಿಂಗಳ ಆಟ, ಅದರ ಸಂಬಳ, ಎರಡೂ ನಿಂತವು. ಭಾಗವತರು, ಅರ್ಥಧಾರಿಗಳು ಮನೆಯ ಚಾವಡಿಯಲ್ಲಿ ಕೂತು ತಾಳಮದ್ದಳೆ ನಡೆಸಿ ನೇರಪ್ರಸಾರ ಮಾಡಿದರು. ಎದುರಿಗೆ ಸಭೆಯಿಲ್ಲ, ಚಪ್ಪಾಳೆಯಿಲ್ಲ. ಆದರೂ ಚೆಂಡೆ ಮದ್ದಳೆಯ ದನಿ ಆ ಮೂಕ ದಿನಗಳಲ್ಲಿ ಸಾವಿರಾರು ಮನೆಗಳನ್ನು ಮುಟ್ಟಿತು. ಜಾಲತಾಣ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಈ ಉಪಕಾರವನ್ನು ಮರೆತು ನಾನು ಮುಂದಿನ ಮಾತು ಆಡಲಾರೆ.

ಮುಂದಿನ ಮಾತು ಇದು. ಬಾಗಿಲು ತೆರೆದದ್ದು ನಿಜ; ಒಳಗೆ ಬಂದ ಕಲೆ ಬಂದ ಹಾಗೆಯೇ ಉಳಿದಿದೆಯೇ?

ಸ್ವಲ್ಪ ಕಾಲದ ಹಿಂದೆ ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ತತ್ವಪದ ಹಾಡುವ ಒಬ್ಬ ಹಿರಿಯರ ಮನೆ. ಏಕತಾರಿ ಹಿಡಿದು ಅವರು ಮುಂದೆ, ದಮ್ಮಡಿ, ತಾಳ ಹಿಡಿದ ನಾಲ್ವರು ಹಿಂದೆ. ಡಿಗ್ರಿ ಓದುವ ಮೊಮ್ಮಗ ಮೊಬೈಲನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದ. ಅಜ್ಜ ಪದ್ಧತಿಯಂತೆ ತಂತಿ ಮೀಟಿ, ಕಿವಿ ಕೊಟ್ಟು, ಬಿರಡೆ ತಿರುವಿ, ಮತ್ತೆ ಮೀಟಿದರು. ಹುಡುಗ ತಡೆದ. “ಅಜ್ಜಾ, ಶ್ರುತಿ ಮಾಡ್ಕೊಳ್ಳೂದು ಮೊದ್ಲ ಮುಗಿಸಿಬಿಡು. ಚಾಲೂ ಮಾಡಿದ ಕೂಡ್ಲೆ ಪಲ್ಲವಿ ಬರಬೇಕು. ಮೂರು ಸೆಕೆಂಡಿನ್ಯಾಗ ಹಿಡೀಲಿಲ್ಲಂದ್ರ ಮಂದಿ ಮುಂದ ಜಾರಿಸ್ತಾರ.” ಅಜ್ಜ ಕೇಳಿದರು, “ಇವ್ರು ಎಲ್ಲಿ ಕುಂದರಬೇಕು?” ಹಿಂದಿನ ನಾಲ್ವರನ್ನು ತೋರಿಸಿ ಕೇಳಿದ ಮಾತು. “ಅವ್ರು ಫ್ರೇಮಿನ್ಯಾಗ ಬರೂದಿಲ್ಲಜ್ಜ. ದನಿ ಬರತೈತಿ, ಸಾಕು.”

ಆ ಹುಡುಗನದು ತಪ್ಪಲ್ಲ. ಅಜ್ಜನ ಹಾಡು ನಾಲ್ಕು ಜನರಿಗೆ ಮುಟ್ಟಲಿ ಎಂಬ ಪ್ರೀತಿಯಿಂದಲೇ ಅವನು ಅದನ್ನು ಮಾಡುತ್ತಿದ್ದ. ಆದರೆ ಏನು ಕಳೆಯಿತು ನೋಡಿ. ತತ್ವಪದದಲ್ಲಿ ಶ್ರುತಿ ಸೇರಿಸುವುದು ಹಾಡಿನ ಹೊರಗಿನ ಕೆಲಸವಲ್ಲ. ತಂತಿ ಮೀಟುವ ಆ ಒಂದೆರಡು ನಿಮಿಷದಲ್ಲಿ ಹಾಡುವವರ ಮನಸ್ಸೂ ಕೇಳುವವರ ಮನಸ್ಸೂ ಒಂದು ಹದಕ್ಕೆ ಬರುತ್ತವೆ. ಒಬ್ಬರು ಸೊಲ್ಲು ಎತ್ತಿ, ಉಳಿದವರು ಅದನ್ನು ಹಿಡಿದು ಮರಳಿ ಹಾಡುವುದರಲ್ಲಿ ಆ ಪರಂಪರೆಯ ಅರ್ಥವೇ ಅಡಗಿದೆ. ಉದ್ದಕ್ಕೆ ನಿಂತ ಮೊಬೈಲಿನ ಚೌಕಟ್ಟು ಒಬ್ಬರನ್ನು ಹಿಡಿಯುತ್ತದೆ, ನಾಲ್ವರನ್ನು ಹೊರಗೆ ಕೂರಿಸುತ್ತದೆ. ಒಂದು ಕೂಟದ ಹಾಡು ಒಬ್ಬ ಗಾಯಕನ ಹಾಡಾಗುತ್ತದೆ.

ಯಕ್ಷಗಾನದಲ್ಲೂ ಇದೇ ನಡೆದಿದೆ. ಮೊಬೈಲಿನಲ್ಲಿ ಹರಿದಾಡುವ ತುಣುಕುಗಳನ್ನು ಗಮನಿಸಿ. ದಿಗಿಣ, ಗಿರಕಿ, ಚೆಂಡೆಯ ಅಬ್ಬರದ ಪೆಟ್ಟು, ಇವೇ ಹೆಚ್ಚು. ಕರ್ಣನೋ ಕೌರವನೋ ಅರ್ಧ ಗಂಟೆ ತೂಗಿ ತೂಗಿ ಆಡುವ ಅರ್ಥಗಾರಿಕೆ ಅಲ್ಲಿ ಹಿಡಿಸುವುದಿಲ್ಲ. ಇಡೀ ರಾತ್ರಿಯ ಆಟ ಕಾಲಮಿತಿಗೆ ಬಂದದ್ದು ಜಾಲತಾಣಕ್ಕಿಂತ ಮುಂಚೆ, ಬೇರೆ ಕಾರಣಗಳಿಂದ. ಆದರೆ ಮೊಬೈಲಿನಲ್ಲಿ ಗಿರಕಿಯನ್ನೇ ಕಂಡ ಪ್ರೇಕ್ಷಕ ಬಯಲಿಗೆ ಬಂದಾಗಲೂ ಗಿರಕಿಗೇ ಕಾಯುತ್ತಾನೆ, ಅದಕ್ಕೇ ಶಿಳ್ಳೆ ಹಾಕುತ್ತಾನೆ. ಕಲಾವಿದನಿಗೆ ಆ ಶಿಳ್ಳೆ ಕೇಳಿಸುತ್ತದೆ. ಹೀಗೆ ತುಣುಕಿನ ರುಚಿ ತಿರುಗಿ ಬಂದು ಇಡೀ ಆಟವನ್ನು ತಿದ್ದುತ್ತದೆ.

ಇದರ ಹಿಂದಿರುವ ಯಂತ್ರದ ಬುದ್ಧಿಯನ್ನು ಅಲ್ಗಾರಿದಮ್ ಎನ್ನುತ್ತಾರೆ. ಯಾವ ವಿಡಿಯೋವನ್ನು ಯಾರ ಮುಂದೆ ಇಡಬೇಕು ಎಂದು ಅದು ತೀರ್ಮಾನಿಸುತ್ತದೆ. ಜನ ಎಷ್ಟು ಹೊತ್ತು ನಿಂತು ನೋಡಿದರು, ನೋಡಿ ಏನು ಒತ್ತಿದರು, ಯಾರಿಗೆ ಕಳಿಸಿದರು ಎಂಬುದೇ ಅದರ ಮುಖ್ಯ ಅಳತೆ. ಹಾಡು ಶ್ರುತಿಯಲ್ಲಿದೆಯೇ, ಸುದ್ದಿ ನಿಜವೇ, ಕಥೆಗೆ ಹುರುಳಿದೆಯೇ ಎಂಬ ಪ್ರಶ್ನೆ ಆ ಅಳತೆಯಲ್ಲಿ ಬರುವುದಿಲ್ಲ. ಹಿಂದಿನ ಬಾಗಿಲುಗಳಲ್ಲಿ ನಿಂತಿದ್ದವರು ಮನುಷ್ಯರು. ಅವರಲ್ಲಿ ಪಕ್ಷಪಾತವಿತ್ತು, ಜಾತಿಯ ಲೆಕ್ಕವಿತ್ತು, ದುಡ್ಡಿನ ಲೆಕ್ಕವಿತ್ತು. ಅದನ್ನು ಮುಚ್ಚಿಡುವುದು ಬೇಡ. ಆದರೆ ಅವರ ಹತ್ತಿರ ಹೋಗಿ, ನನ್ನ ಹಾಡನ್ನು ಯಾಕೆ ಬಿಟ್ಟಿರಿ ಎಂದು ಕೇಳಬಹುದಿತ್ತು. ಈ ಯಂತ್ರದ ಮುಂದೆ ಕೇಳುವ ಜಾಗವೇ ಇಲ್ಲ. ನಿನ್ನೆ ಹತ್ತು ಸಾವಿರ ಜನಕ್ಕೆ ಮುಟ್ಟಿದ ಹಾಡುಗಾರ್ತಿಯ ವಿಡಿಯೋ ಇವತ್ತು ಇನ್ನೂರು ಜನಕ್ಕೆ ಮುಟ್ಟಿದರೆ ಕಾರಣ ಹೇಳುವವರಿಲ್ಲ. ನಾನು ಸರಿಯಾಗಿ ಹಾಡಲಿಲ್ಲವೇನೋ ಎಂದು ಅವಳು ತನ್ನನ್ನೇ ದೂರಿಕೊಳ್ಳುತ್ತಾಳೆ. ಇದು ಕಲಾವಿದರ ಮನಸ್ಸಿನ ಮೇಲೆ ಬೀಳುವ ದೊಡ್ಡ ಭಾರ.

ಭಾರ ಅದೊಂದೇ ಅಲ್ಲ. ಸ್ವತಂತ್ರ ಕಲಾವಿದೆ ಇವತ್ತು ಹಾಡಿದರೆ ಸಾಕಾಗದು. ಚಿತ್ರೀಕರಣ ಅವಳದೇ, ಎಡಿಟಿಂಗ್ ಅವಳದೇ, ಅಡಿಬರಹ, ಮುಖಚಿತ್ರ, ಕಮೆಂಟುಗಳಿಗೆ ಉತ್ತರ, ಬೈಗುಳಕ್ಕೆ ಮೌನ ಎಲ್ಲವೂ ಅವಳದೇ. ನಾಲ್ಕು ದಿನ ಏನನ್ನೂ ಹಾಕದಿದ್ದರೆ ಜನ ಮರೆಯುತ್ತಾರೆಂಬ ಹೆದರಿಕೆ. ರಿಯಾಜಿಗೆ ಕೂರಬೇಕಾದ ಬೆಳಗಿನ ಹೊತ್ತು ರೀಲ್ಸಿಗೆ ಹೋಗುತ್ತದೆ. ಕಲೆಗೆ ಹೊಲದ ಹಾಗೆ ಬೀಳು ಬಿಡುವ ಕಾಲ ಬೇಕು. ವರ್ಷವಿಡೀ ಬೆಳೆ ತೆಗೆಯುತ್ತಲೇ ಇದ್ದರೆ ಮಣ್ಣಿನ ಸಾರ ಹೋಗುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತಿರುವ ಮಾತು.

ಇನ್ನು ದುಡ್ಡಿನ ವಿಚಾರ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಹೊಸ್ತಿಲು ದಾಟಬೇಕು. 2018ರಿಂದ ಈಚೆಗೆ ಆ ಹೊಸ್ತಿಲು ಸಾವಿರ ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆಯ ವೀಕ್ಷಣೆ. ಕಿರು ವಿಡಿಯೋಗಳಿಗೆ ಬೇರೆ ಲೆಕ್ಕವಿದೆ. ದಾಟಿದ ಮೇಲೆ ಉದ್ದದ ವಿಡಿಯೋದ ಜಾಹೀರಾತು ಹಣದಲ್ಲಿ ಶೇಕಡಾ 55 ಮಾಡಿದವರಿಗೆ, ಉಳಿದದ್ದು ಕಂಪನಿಗೆ. ಕ್ಯಾಸೆಟ್ಟಿನ ಕಾಲಕ್ಕೆ ಹೋಲಿಸಿದರೆ ಇದು ಒಳ್ಳೆಯ ಪಾಲು, ಒಪ್ಪೋಣ. ಆದರೆ ಆ ಹಣವೆಷ್ಟು ಎಂಬುದು ನೋಡುಗರ ಮೆಚ್ಚುಗೆಯಿಂದ ತೀರ್ಮಾನವಾಗದೆ, ಆ ನೋಡುಗರಿಗೆ ವಸ್ತು ಮಾರಲು ಜಾಹೀರಾತುದಾರ ಎಷ್ಟು ಕೊಡುತ್ತಾನೆ ಎಂಬುದರಿಂದ ತೀರ್ಮಾನವಾಗುತ್ತದೆ. ಅಮೆರಿಕದ ಒಂದು ಸಾವಿರ ವೀಕ್ಷಣೆಗೂ ಕೊಪ್ಪಳದ ಒಂದು ಸಾವಿರ ವೀಕ್ಷಣೆಗೂ ಬೆಲೆ ಒಂದೇ ಅಲ್ಲ.

ನಮ್ಮ ಬಯಲಾಟಗಳಲ್ಲಿ ಆಯೇರಿ ಎಂಬ ಪದ್ಧತಿಯಿದೆ. ಪಾತ್ರಧಾರಿಯ ಹಾಡು ಮನಸ್ಸಿಗೆ ಹಿಡಿಸಿದರೆ ಪ್ರೇಕ್ಷಕ ಎದ್ದು ಹೋಗಿ ಐವತ್ತೋ ನೂರೋ ಕೊಡುತ್ತಾನೆ. ಆಟ ನಿಲ್ಲಿಸಿ, ಕೊಟ್ಟವರ ಹೆಸರು, ಊರು ಕೂಗಿ ಹೇಳುತ್ತಾರೆ. ಯೂಟ್ಯೂಬು 2017ರಲ್ಲಿ ಸೂಪರ್ ಚಾಟ್ ಎಂಬ ವ್ಯವಸ್ಥೆ ತಂದಿತು. ನೇರಪ್ರಸಾರದ ನಡುವೆ ಹಣ ಕೊಟ್ಟವರ ಹೆಸರು ಬಣ್ಣದಲ್ಲಿ ಪರದೆಯ ಮೇಲೆ ಮೂಡುತ್ತದೆ. ಆಯೇರಿಯ ದುಡ್ಡು ಕಲಾವಿದನ ಕೈಗೆ ಬರುತ್ತದೆ. ಇಲ್ಲಿ ನೂರಕ್ಕೆ ಮೂವತ್ತು ರೂಪಾಯಿ ಕಂಪನಿಗೆ ಹೋಗುತ್ತದೆ. ಕೊಟ್ಟವರ ಹೆಸರು ಕಾಣುತ್ತದೆ, ಊರು ಮಾತ್ರ ಗೊತ್ತಾಗುವುದಿಲ್ಲ.

ಊರಿನ ಮಾತಿಗೆ ಬಂದೆವು. ಹಾವೇರಿಯ ಆ ಅಜ್ಜನ ಹಾಡು ಲಕ್ಷಕ್ಕೂ ಹೆಚ್ಚು ವೀಕ್ಷಣೆ ಕಂಡಿತು. ಮೊಮ್ಮಗ ಸಂಭ್ರಮದಿಂದ ತೋರಿಸಿದಾಗ ಅಜ್ಜ ಒಂದು ಪ್ರಶ್ನೆ ಕೇಳಿದರಂತೆ. “ಲಕ್ಷ ಮಂದಿ ಅಂದ್ರ ಯಾವ ಊರಾವ್ರೋ?” ಹುಡುಗನ ಬಳಿ ಉತ್ತರವಿರಲಿಲ್ಲ. ಅಜ್ಜ ಮಾಡದಿಂದ ಒಂದು ಹಳೆಯ ವಹಿ ತೆಗೆದು ನನಗೆ ತೋರಿಸಿದರು. ಎಣ್ಣೆ ಕೈಯಿಂದ ಕಂದಿದ ಹಾಳೆಗಳು. ನಲವತ್ತು ವರ್ಷದಿಂದ ತಮ್ಮನ್ನು ಹಾಡಲು ಕರೆದ ಊರುಗಳನ್ನು ಅವರು ಬರೆದಿಟ್ಟಿದ್ದರು. ಯಾವ ಊರು, ಯಾವ ಮಠ, ಶಿವರಾತ್ರಿಗೋ ಅಮಾವಾಸ್ಯೆಗೋ, ಯಾರ ಮನೆಯಲ್ಲಿ ಊಟ, ಎಷ್ಟು ಕಾಣಿಕೆ ಎಲ್ಲ ಅದರಲ್ಲಿದ್ದವು. ಕೆಲವು ಹೆಸರಿನ ಮುಂದೆ, ತೀರಿಕೊಂಡರು, ಮಗ ಕರೆಯುತ್ತಾನೆ ಎಂದೂ ಬರೆದಿತ್ತು. ನೂರರ ಆಚೀಚೆ ಊರುಗಳು. ಆ ನೂರು ಊರು ಅವರ ಸಂಸಾರವನ್ನು ನಡೆಸಿತ್ತು. ವಿಡಿಯೋ ನೋಡಿದ ಲಕ್ಷ ಜನರಲ್ಲಿ ಒಬ್ಬರೂ ಅವರನ್ನು ಕರೆದಿರಲಿಲ್ಲ. ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಕಮೆಂಟಿನಲ್ಲಿ ಹಲವರು, ಇವರು ಯಾವ ಊರಿನವರು ಎಂದು ಕೇಳಿದ್ದರು. ಅವರಿಗೆ ಇವರ ವಿಳಾಸ ಗೊತ್ತಿಲ್ಲ, ಇವರಿಗೆ ಅವರ ವಿಳಾಸ ಗೊತ್ತಿಲ್ಲ.

ಬಂಧುಗಳೆ, ನಾನು ಇವತ್ತು ಹೇಳಲು ಬಂದ ಮಾತು ಇದೇ. ಜಾಲತಾಣ ನಮ್ಮ ಕಲಾವಿದರಿಗೆ ಜನರನ್ನು ತೋರಿಸಿತು, ಅವರ ವಿಳಾಸವನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿತು. ಲಕ್ಷ ಫಾಲೋವರ್ಸ್ ಎಂಬುದು ಕಂಪನಿಯ ಪುಸ್ತಕದಲ್ಲಿರುವ ಲೆಕ್ಕ. ಆ ಪುಸ್ತಕ ಮುಚ್ಚಿದ ದಿನ ಕಲಾವಿದನ ಕೈ ಖಾಲಿ.

ಮುಚ್ಚಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಅವುಗಳಲ್ಲೊಂದು. ಚೀನಾ ಗಡಿಯ ಸಂಘರ್ಷದ ಆ ಹೊತ್ತಿನಲ್ಲಿ ದೇಶದ ಭದ್ರತೆಯ ಕಾರಣ ಕೊಟ್ಟ ನಿರ್ಧಾರ ಅದು, ಅದರ ಚರ್ಚೆ ಇಲ್ಲಿ ಬೇಡ. ಆದರೆ ಹಳ್ಳಿಯ ಹುಡುಗರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಆಟೋ ಓಡಿಸುವವರು ಹಾಡಿ, ಕುಣಿದು, ನಟಿಸಿ ವರ್ಷಗಟ್ಟಲೆ ಕೂಡಿಸಿದ್ದ ನೋಡುಗ ಬಳಗ ಒಂದೆರಡು ದಿನದಲ್ಲಿ ಮಾಯವಾಯಿತು. ಅದೇ ಮಳೆಗಾಲದಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್, ಯೂಟ್ಯೂಬಿನ ಶಾರ್ಟ್ಸ್ ನಮ್ಮಲ್ಲಿಗೆ ಬಂದವು. ಕೆಲವರು ಅಲ್ಲಿ ಮತ್ತೆ ಸೊನ್ನೆಯಿಂದ ಎಣಿಸತೊಡಗಿದರು. ಎಷ್ಟೋ ಜನ ಎಣಿಸುವುದನ್ನೇ ಬಿಟ್ಟರು. ಅವರನ್ನು ಮೆಚ್ಚಿದ್ದವರಿಗೆ, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಹುಡುಕುವ ದಾರಿಯೂ ಉಳಿಯಲಿಲ್ಲ.

ನಿಷೇಧವೇ ಬೇಕಿಲ್ಲ, ಒಂದು ತಪ್ಪು ಸಾಕು. ಫೇಸ್‌ಬುಕ್ಕಿಗಿಂತ ಮುಂಚೆ ಸಂಗೀತಗಾರರ ದೊಡ್ಡ ಸಂತೆಯಾಗಿದ್ದದ್ದು ಮೈಸ್ಪೇಸ್ ಎಂಬ ತಾಣ. ಲೋಕದ ಎಷ್ಟೋ ಸ್ವತಂತ್ರ ತಂಡಗಳು ತಮ್ಮ ಹಾಡುಗಳನ್ನು ಅಲ್ಲಿ ಇಟ್ಟಿದ್ದವು. 2019ರಲ್ಲಿ ಒಂದು ಸುದ್ದಿ ಬಂತು. ಸರ್ವರ್ ಬದಲಿಸುವಾಗ 2015ರವರೆಗೆ ಹಾಕಿದ್ದ ಹಾಡುಗಳು ಹಾಳಾಗಿವೆ, ಮರಳಿ ತರಲಾಗದು ಎಂದು. ಆಗ ಪತ್ರಿಕೆಗಳು ವರದಿ ಮಾಡಿದ ಲೆಕ್ಕ ಸುಮಾರು 5 ಕೋಟಿ ಹಾಡು. ಕೆಲವು ಲಕ್ಷ ಹಾಡುಗಳ ಪ್ರತಿ ಆಮೇಲೆ ಬೇರೆ ಕಡೆ ಸಿಕ್ಕವು. ಉಳಿದವನ್ನು ಹಾಡಿದವರು ಬೇರೆ ಪ್ರತಿ ಇಟ್ಟುಕೊಂಡಿರದಿದ್ದರೆ ಅಲ್ಲಿಗೆ ಮುಗಿಯಿತು. ಗೊಂದಲಿಗರ ಹಾಡು, ಸೋಬಾನೆ, ಲಾವಣಿಗಳನ್ನು ಇವತ್ತು ಯೂಟ್ಯೂಬಿಗೆ ಹಾಕಿ ಮೊಬೈಲಿನಿಂದ ಅಳಿಸುವ ನಮ್ಮ ಗೆಳೆಯರು ಇದನ್ನು ನೆನಪಿಡಬೇಕು.

ಸುದ್ದಿಯ ಲೋಕಕ್ಕೂ ಒಂದು ಮಾತು. ದೊಡ್ಡ ವಾಹಿನಿಗಳು ತಿರುಗಿ ನೋಡದ ತಾಲ್ಲೂಕಿನ ಕೆರೆ, ಶಾಲೆ, ಪಡಿತರದ ಕಥೆಯನ್ನು ಒಂದು ಮೊಬೈಲು ಹಿಡಿದು ಹೇಳುವ ತರುಣರು ನಮ್ಮಲ್ಲಿದ್ದಾರೆ. ಅದು ಗೌರವದ ಕೆಲಸ. ಆದರೆ ಜಾಹೀರಾತಿನ ಪಾಲಿನಿಂದಲೇ ಬದುಕಬೇಕಾದಾಗ ಕೆರೆಯ ಕಥೆಗಿಂತ ಜಗಳದ ಕಥೆಗೆ ನೋಡುಗರು ಹೆಚ್ಚು. ಮುಖಚಿತ್ರದಲ್ಲಿ ಕೆಂಪು ಬಾಣ, ಬೆಚ್ಚಿಬೀಳಿಸುವ ತಲೆಬರಹ, ಒಳಗೆ ಏನೂ ಇಲ್ಲದ ವಿಡಿಯೋ. ಒಳ್ಳೆಯ ವರದಿಗಾರನನ್ನೂ ದಿನದಿಂದ ದಿನಕ್ಕೆ ಆ ಕಡೆಗೆ ಎಳೆಯುವ ಸೆಳೆತ ಅದು. ಲಂಕೇಶರಿಗೆ ಜಾಹೀರಾತಿಲ್ಲದೆ ಬರೆಯಲು ಆದದ್ದು ಓದುಗ ಪ್ರತಿ ವಾರ ಅಂಗಡಿಗೆ ಹೋಗಿ ಪ್ರತಿ ಕೊಂಡದ್ದರಿಂದ. ಪುಕ್ಕಟೆ ಸುದ್ದಿ ಕೇಳುವ ನಾವು, ಆ ಸುದ್ದಿ ಸ್ವತಂತ್ರವಾಗಿರಲಿ ಎಂದೂ ಕೇಳಿದರೆ ಅದು ನ್ಯಾಯವಾಗದು.

ಹಾಗಾದರೆ ಏನು ಮಾಡಬೇಕು? ಜಾಲತಾಣ ಬಿಟ್ಟುಬಿಡಿ ಎಂದು ನಾನು ಯಾವ ಕಲಾವಿದರಿಗೂ ಹೇಳುವುದಿಲ್ಲ. ಸಂತೆಗೆ ಹೋಗಲೇಬೇಕು. ಆದರೆ ಸಂತೆಯಲ್ಲಿ ಸಿಕ್ಕವರನ್ನು ಮನೆಗೆ ಕರೆದುಕೊಂಡು ಬರಬೇಕು. ಪ್ರತಿ ವಿಡಿಯೋದ ಕೆಳಗೆ ನಿಮ್ಮ ಊರು, ಕಾರ್ಯಕ್ರಮಕ್ಕೆ ಕರೆಯುವ ಬಗೆ ಬರೆಯಿರಿ. ಇಷ್ಟಪಟ್ಟು ಬಂದವರ ಹೆಸರು, ಫೋನ್ ನಂಬರು, ಇಮೇಲು ಅವರ ಒಪ್ಪಿಗೆಯಿಂದ ನಿಮ್ಮದೇ ಪಟ್ಟಿಯಲ್ಲಿ ಸೇರಿಸಿ. ಐದುನೂರು ಜನರ ಅಂಥ ಪಟ್ಟಿ ಐವತ್ತು ಸಾವಿರ ಫಾಲೋವರ್ಸ್‌ಗಿಂತ ಹೆಚ್ಚು ಕಾಲ ನಿಮ್ಮ ಜೊತೆ ಬರುತ್ತದೆ. ಹಾಡಿನ, ಚಿತ್ರದ ಮೂಲ ಪ್ರತಿಯನ್ನು ಎರಡು ಕಡೆ ಇಟ್ಟುಕೊಳ್ಳಿ. ತುಣುಕು ಹಾಕಿ, ಜೊತೆಗೆ ಇಡೀ ಹಾಡನ್ನೂ ಹಾಕಿ. ಶ್ರುತಿ ಸೇರಿಸುವುದನ್ನು ಕತ್ತರಿಸಬೇಡಿ. ಹಿಂದೆ ಹಾಡುವವರು ಕಾಣುವ ಹಾಗೆ ಮೊಬೈಲನ್ನು ಅಡ್ಡಕ್ಕೆ ತಿರುಗಿಸಿ.

ಕೇಳುಗರಾದ ನಮ್ಮ ಪಾಲಿನ ಕೆಲಸವೂ ಇದೆ. ಮೆಚ್ಚುಗೆಯ ಗುಂಡಿ ಒತ್ತುವುದರಿಂದ ಒಲೆ ಉರಿಯುವುದಿಲ್ಲ. ನಿಮಗೆ ಇಷ್ಟವಾದ ಗಾಯಕಿ ನಿಮ್ಮ ಜಿಲ್ಲೆಗೆ ಬಂದರೆ ಟಿಕೆಟು ಕೊಂಡು ಹೋಗಿ. ನಿಮ್ಮೂರಿನ ಜಾತ್ರೆಗೆ, ಗಣೇಶೋತ್ಸವಕ್ಕೆ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವರನ್ನು ಕರೆಸಿ, ಸರಿಯಾದ ಸಂಭಾವನೆ ಕೊಡಿ. ನೀವು ನಂಬುವ ಸಣ್ಣ ಪತ್ರಿಕೆಗೆ, ಸಣ್ಣ ಸುದ್ದಿತಾಣಕ್ಕೆ ವರ್ಷಕ್ಕೊಮ್ಮೆ ಚಂದಾ ಕಟ್ಟಿ. ಪರದೇಶದಲ್ಲಿರುವ ಕನ್ನಡ ಸಂಘಗಳವರು ನಮ್ಮ ಮಾತು ಕೇಳುತ್ತಿದ್ದರೆ ಅವರಿಗೂ ಇದೇ ಕೋರಿಕೆ.

ಈ ಬಾನುಲಿಗೆ ಬರುತ್ತಿದ್ದ ಕಾಗದಗಳನ್ನು ಹಿರಿಯ ಕೇಳುಗರು ಮರೆತಿರಲಾರರು. ಹಾಡು ಮೆಚ್ಚಿದವರು ಅಂಚೆ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು, ಕೆಳಗೆ ತಮ್ಮ ಹೆಸರು, ಊರು, ತಾಲ್ಲೂಕು ಬರೆಯುತ್ತಿದ್ದರು. ಅದನ್ನು ಇಲ್ಲಿ ಓದಿ ಹೇಳುವಾಗ ಆ ಊರಿನವರೆಲ್ಲ ಕಿವಿ ನಿಮಿರಿಸುತ್ತಿದ್ದರು. ಇವತ್ತು ರಾತ್ರಿ ನಿಮ್ಮ ಮೊಬೈಲಿನಲ್ಲಿ ಒಂದು ಒಳ್ಳೆಯ ಹಾಡು ಕೇಳಿದರೆ, ಜಾರಿಸಿ ಮುಂದೆ ಹೋಗುವ ಮೊದಲು ಹಾಡಿದವರಿಗೆ ಎರಡು ಸಾಲು ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರು ಹಾಕಿ, ಊರಿನ ಹೆಸರನ್ನೂ ಹಾಕಿ.